‘ಎಲ್ಲ ಎಸ್‌ಎಸ್ 316’: ಒಂದು ಸಾಲಿನ ಸ್ಪೆಸಿಫಿಕೇಶನ್ ಬಿಡಿಸಿದ ಕಥೆ

ಕಡತ ನನ್ನ ಮೇಜಿಗೆ ಬರುವ ಹೊತ್ತಿಗೆ ಜಗಳ ಚೆನ್ನಾಗಿ ಹದಕ್ಕೆ ಬಂದಿತ್ತು. ಕಡಲಿನಿಂದ ಎರಡು ಕಿಲೋಮೀಟರ್ ಒಳಗೆ ಕಟ್ಟುತ್ತಿದ್ದ ಒಂದು ಸಂಸ್ಕರಣಾ ಘಟಕ. ಅದರ ಸ್ಪೆಸಿಫಿಕೇಶನ್ನಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಇದ್ದದ್ದು ಒಂದೇ ಸಾಲು: ಎಲ್ಲ ಕೆಲಸವೂ 316 ಗ್ರೇಡಿನಲ್ಲೇ ಆಗತಕ್ಕದ್ದು. ಬರೆದವರಿಗೆ ಅದು ನೆಮ್ಮದಿಯ ಸಾಲು. ಕಡಲು ಹತ್ತಿರ ಇದೆ, 316 ಹಾಕಿಬಿಟ್ಟರೆ ನಾಳೆ ಯಾರೂ ಬೆರಳು ತೋರಿಸುವುದಿಲ್ಲ. ಕೊಟೇಶನ್‌ಗಳು ಬಂದ ಮೇಲೆ ಲೆಕ್ಕಪತ್ರದವರ ನೆಮ್ಮದಿ ಹೋಯಿತು. ಗುತ್ತಿಗೆದಾರರು ಅದೇ ಸಂದಿಯಲ್ಲಿ ನುಸುಳಿ, ಅಗ್ಗದ ಗ್ರೇಡು ಮುಂದಿಟ್ಟು, ‘ಎಲ್ಲಾನೂ 304 ಮಾಡಿಬಿಡೋಣ ಸಾರ್, ನೋಡೋಕೆ ಎರಡೂ ಒಂದೇ ತರ’ ಎಂದಿದ್ದರು. ವಿನ್ಯಾಸದವರು ಒಪ್ಪಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆರು ವಾರ ಕಳೆದಿದ್ದವು.

ನನ್ನನ್ನು ಕರೆದು ಕೇಳಿದ್ದು ‘316ಆ, 304ಆ?’ ಎಂದು. ನಾನು ಉತ್ತರ ಹೇಳದೆ ಡ್ರಾಯಿಂಗ್ ಕಟ್ಟು ಮನೆಗೆ ತಂದೆ. ಎರಡು ರಾತ್ರಿ ಕೂತು ನೋಡಿದಾಗ ಆ ಒಂದು ಸಾಲಿನ ಅಡಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಕೆಲಸಗಳು ಮಲಗಿದ್ದವು. 18 ಮೀಟರ್ ವ್ಯಾಸ, 12 ಮೀಟರ್ ಎತ್ತರದ ನೀರಿನ ಟ್ಯಾಂಕು. 80 ಡಿಗ್ರಿ ಬಿಸಿನೀರು ಹಿಡಿಯುವ, ಮೇಲೆ ಇನ್ಸುಲೇಷನ್ ಹೊದ್ದ ತೊಟ್ಟಿಗಳು. ಬಯಲಿನಲ್ಲಿ ನಿಲ್ಲುವ ಮೆಟ್ಟಿಲು, ಪ್ಲಾಟ್‌ಫಾರ್ಮು, ಹ್ಯಾಂಡ್‌ರೈಲು. ಒಳಗಿನ ಒಣ ಕೋಣೆಗಳ ಗೋಡೆಗೆ ಹೊದಿಸುವ ಶೀಟು ಮತ್ತು ಗಾಳಿಯ ಡಕ್ಟು. ಕೊನೆಗೆ, ಯಾರ ಕಣ್ಣಿಗೂ ಬೀಳದ ಸಾವಿರಾರು ಬೋಲ್ಟು ನಟ್ಟು. ಇವಕ್ಕೆಲ್ಲ ಒಂದೇ ಗ್ರೇಡು ಹೊಂದುವುದಾದರೆ ಅದು ಕಾಕತಾಳೀಯ, ಅಷ್ಟೆ.

ಮುಂದೆ ಹೋಗುವ ಮೊದಲು ಒಂದು ಲೆಕ್ಕ ಹೇಳಿಬಿಡಬೇಕು, ಯಾಕೆಂದರೆ ಇಡೀ ಪ್ರಕರಣ ಅದರ ಮೇಲೆಯೇ ತಿರುಗಿತು. ಉಕ್ಕಿಗೆ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಸೇರಿದರೆ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡಿನ ಪೊರೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಗೀರಿದರೆ, ಆಮ್ಲಜನಕ ಸಿಕ್ಕ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಪೊರೆಯ ಹಗೆ ಕ್ಲೋರೈಡು. ಉಪ್ಪುಗಾಳಿ, ಉಪ್ಪುನೀರು, ಬ್ಲೀಚು ಎಲ್ಲದರಲ್ಲೂ ಇರುವುದು ಅದೇ. ಪೊರೆ ಎಲ್ಲೋ ಒಂದು ಕಡೆ ತೂತಾಗಿ, ಅಲ್ಲಿಂದ ಒಳಕ್ಕೆ ಕೊರೆಯುತ್ತ ಹೋಗುವುದನ್ನು ಪಿಟ್ಟಿಂಗ್ ಅನ್ನುತ್ತೇವೆ. ಯಾವ ಗ್ರೇಡು ಎಷ್ಟು ತಡೆಯುತ್ತದೆ ಎಂದು ಅಂದಾಜು ಮಾಡಲು ಪಿಆರ್‌ಇಎನ್ ಎಂಬ ಅಂಕಿ ಇದೆ: ಕ್ರೋಮಿಯಂ ಶೇಕಡಾ, ಅದಕ್ಕೆ ಮಾಲಿಬ್ಡಿನಮ್‌ನ 3.3 ಪಟ್ಟು, ಮತ್ತೆ ನೈಟ್ರೋಜನ್‌ನ 16 ಪಟ್ಟು ಕೂಡಿಸಿದರೆ ಬರುವ ಮೊತ್ತ. 430ಕ್ಕೆ ಸುಮಾರು 16ರಿಂದ 17. 304ಕ್ಕೆ 18ರ ಆಸುಪಾಸು. ಮಾಲಿಬ್ಡಿನಮ್ ಸೇರಿದ 316ಕ್ಕೆ 24. ಡ್ಯೂಪ್ಲೆಕ್ಸ್, ಅಂದರೆ ಎರಡು ಬಗೆಯ ಒಳರಚನೆ ಬೆರೆತ ಉಕ್ಕುಗಳಲ್ಲಿ, 2304ಕ್ಕೆ 25ರ ಸುತ್ತ, 2205ಕ್ಕೆ 35.

ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ನಿಕ್ಕಲ್ ಇಲ್ಲ. 304ರಲ್ಲಿ 8 ಶೇಕಡಾ, 316ರಲ್ಲಿ 10 ಶೇಕಡಾ ಇರುವ, ಬೆಲೆಯನ್ನು ಮೇಲಕ್ಕೂ ಕೆಳಕ್ಕೂ ಕುಣಿಸುವ ಆ ಲೋಹಕ್ಕೆ ಪಿಟ್ಟಿಂಗ್ ತಡೆಯುವ ಲೆಕ್ಕದಲ್ಲಿ ಜಾಗವೇ ಇಲ್ಲ. ನಿಕ್ಕಲ್ ಹಾಕುವುದು ಉಕ್ಕಿನ ಒಳರಚನೆಯನ್ನು ಆಸ್ಟೆನೈಟ್ ಎಂಬ ಹರಳು ಜೋಡಣೆಗೆ ತರಲು. ಹಾಗೆ ಮಾಡಿದರೆ ಶೀಟು ಸುಲಭವಾಗಿ ಬಾಗುತ್ತದೆ, ಆಳಕ್ಕೆ ಒತ್ತಬಹುದು, ದಪ್ಪ ಪ್ಲೇಟಿಗೂ ನಿಶ್ಚಿಂತೆಯಿಂದ ವೆಲ್ಡ್ ಹಾಕಬಹುದು, ಕೊರೆಯುವ ಚಳಿಯಲ್ಲೂ ಒಡೆಯುವುದಿಲ್ಲ. ಕೆಲವು ಆಮ್ಲಗಳಲ್ಲಿ ಅದರ ಪಾತ್ರ ಬೇರೆಯೇ ಇದೆ, ಆದರೆ ಈ ಘಟಕದಲ್ಲಿ ಆಮ್ಲ ಇರಲಿಲ್ಲ. ಅಂದರೆ ಇಲ್ಲಿ ನಿಕ್ಕಲ್‌ಗೆ ಕೊಡುವ ದುಡ್ಡು ಬಹುಪಾಲು ಫ್ಯಾಬ್ರಿಕೇಟರನ ಕೈ ಹಗುರ ಮಾಡುವುದಕ್ಕೆ ಹೋಗುತ್ತದೆಯೇ ಹೊರತು ತುಕ್ಕು ತಡೆಯುವುದಕ್ಕಲ್ಲ.

ಹಾಗಾಗಿ ನಾನು ಹಣದ ಲೆಕ್ಕ ಬಿಟ್ಟು ನಿಕ್ಕಲ್ ಲೆಕ್ಕ ಹಾಕಿದೆ, ಪ್ರತಿ ಕೆಲಸಕ್ಕೂ ಎಷ್ಟು ಕಿಲೋ ನಿಕ್ಕಲ್ ಕೊಳ್ಳುತ್ತಿದ್ದೇವೆ ಎಂದು. ಬೆಲೆ ಇವತ್ತಿನದು ನಾಳೆ ಇರುವುದಿಲ್ಲ. 2022ರ ಮಾರ್ಚ್‌ನಲ್ಲಿ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ನಿಕ್ಕಲ್ ಒಂದು ಟನ್ನಿಗೆ ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಿ ಆ ದಿನದ ವ್ಯವಹಾರಗಳನ್ನು ರದ್ದು ಮಾಡಿದರು. ನಿಕ್ಕಲ್ ಹೆಚ್ಚಿರುವ ಗ್ರೇಡು ಆರಿಸಿದವರು ಅಂಥ ಅಲೆಯನ್ನೂ ಜೊತೆಗೇ ಕೊಳ್ಳುತ್ತಾರೆ. ಕಿಲೋ ಲೆಕ್ಕ ಮಾತ್ರ ಕದಲುವುದಿಲ್ಲ.

ಮೊದಲು ಟ್ಯಾಂಕು. ನೀರಿನ ವರದಿಯಲ್ಲಿ ಕ್ಲೋರೈಡು ಲೀಟರಿಗೆ 350 ಮಿಲಿಗ್ರಾಂ. ಸಾಮಾನ್ಯ ತಾಪಮಾನದ ನೀರಿಗೆ ಉದ್ಯಮದಲ್ಲಿ ಬಳಕೆಯಲ್ಲಿರುವ ಅಂದಾಜು: 200 ಮಿಲಿಗ್ರಾಂವರೆಗೆ 304, 1000ದವರೆಗೆ 316. ಸಂದುಗಳಿರುವ ಕಡೆ, ನೀರು ನಿಂತೇ ಇರುವ ಕಡೆ ಮೊದಲು ಏಟು ತಿನ್ನುವುದು 304. ಹಾಗಾಗಿ ಗುತ್ತಿಗೆದಾರರ ‘ಎಲ್ಲಾನೂ 304’ ಇಲ್ಲಿಗೇ ಬಿದ್ದುಹೋಯಿತು. ಆದರೆ 316ಎಲ್ (ವೆಲ್ಡಿಗೆಂದು ಕಾರ್ಬನ್ ತಗ್ಗಿಸಿದ 316) ಬದಲು 2304 ಯಾಕಾಗಬಾರದು? ತುಕ್ಕು ತಡೆಯುವುದರಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಬಲದಲ್ಲಿ ಮಾತ್ರ ಅಜಗಜಾಂತರ. 316ಎಲ್‌ನ ಕನಿಷ್ಠ ಯೀಲ್ಡ್ (ಲೋಹ ಮತ್ತೆ ನೆಟ್ಟಗಾಗದಂತೆ ಬಾಗತೊಡಗುವ ಒತ್ತಡ) 170 ಮೆಗಾಪಾಸ್ಕಲ್, 2304ಗೆ 400.

ಲೆಕ್ಕ ಕಾಗದದ ಹಿಂದೆಯೇ ಹಾಕಬಹುದಾದಷ್ಟು ಸರಳ. ಯೀಲ್ಡ್‌ನ ಮೂರರಲ್ಲಿ ಎರಡು ಭಾಗವನ್ನು ಅನುಮತಿಸಿದ ಒತ್ತಡ ಎಂದಿಟ್ಟುಕೊಳ್ಳಿ. ನಿಜವಾದ ವಿನ್ಯಾಸ ಸಂಹಿತೆಯ ಅಂಕಿ ಬೇರೆ ಇರುತ್ತದೆ, ಹೋಲಿಕೆಗೆ ಇಷ್ಟು ಸಾಕು. 12 ಮೀಟರ್ ನೀರಿನ ಅಡಿಯಲ್ಲಿ, 18 ಮೀಟರ್ ವ್ಯಾಸಕ್ಕೆ, 316ಎಲ್ ಗೋಡೆ ಬುಡದಲ್ಲಿ 9.4 ಮಿಲಿಮೀಟರ್ ಬೇಕು. ಗೋಡೆಯನ್ನು ಎರಡೆರಡು ಮೀಟರ್ ಎತ್ತರದ ಪ್ಲೇಟಿನ ಆರು ವರಸೆ ಮಾಡಿದರೆ ಕೆಳಗಿನಿಂದ ಮೇಲಕ್ಕೆ 10, 8, 8, ಆಮೇಲಿನ ಮೂರಕ್ಕೆ 5. ಮೂರನೇ ವರಸೆಗೆ 6.3 ಸಾಕಾಗಿತ್ತು, ಆದರೆ 7ರ ಪ್ಲೇಟು ಕೈಗೆ ಸಿಗುವುದು ಕಷ್ಟ, 8 ಹಾಕಲೇಬೇಕು. 2304ರಲ್ಲಿ ಬುಡಕ್ಕೇ 4 ಮಿಲಿಮೀಟರ್ ಸಾಕು. ಆದರೆ ಕೈಯಾಡಿಸುವುದಕ್ಕೆ, ಗಾಳಿಗೆ ನಿಲ್ಲುವುದಕ್ಕೆ ಒಂದು ಕನಿಷ್ಠ ದಪ್ಪ ಬೇಕಲ್ಲ, ಅದನ್ನು 5 ಎಂದು ಇಟ್ಟುಕೊಂಡೆವು. ಆರೂ ವರಸೆ 5. ಗೋಡೆಯ ತೂಕ 316ಎಲ್‌ಗೆ 37.1 ಟನ್, 2304ಗೆ 26.5 ಟನ್. ಇನ್ನು ನಿಕ್ಕಲ್: ಮೊದಲನೆಯದರಲ್ಲಿ 3.7 ಟನ್, ಎರಡನೆಯದರಲ್ಲಿ ಸುಮಾರು 1.2 ಟನ್. ಮಾಲಿಬ್ಡಿನಮ್ ಮುಕ್ಕಾಲು ಟನ್ ಇದ್ದದ್ದು ಬಹುತೇಕ ಇಲ್ಲವಾಯಿತು. ಟನ್ನಿನ ದರ ಎಷ್ಟೇ ಇರಲಿ, ಮುಕ್ಕಾಲು ಪಾಲಿಗಿಂತ ಕಡಿಮೆ ಉಕ್ಕಿನಲ್ಲಿ ಅದೇ ಟ್ಯಾಂಕು ನಿಲ್ಲುತ್ತದೆ.

ಇದೇ ಉತ್ಸಾಹದಲ್ಲಿ ಎಲ್ಲ ಟ್ಯಾಂಕಿಗೂ ಡ್ಯೂಪ್ಲೆಕ್ಸ್ ಎಂದು ಬರೆಯಹೊರಟರೆ ಎಡವುತ್ತೇವೆ. ಇದೇ ಘಟಕದಲ್ಲಿ 4 ಮೀಟರ್ ವ್ಯಾಸದ ಇನ್ನೊಂದು ಪುಟ್ಟ ಟ್ಯಾಂಕು ಇತ್ತು. ಅದಕ್ಕೆ 316ಎಲ್‌ನಲ್ಲೂ ಕನಿಷ್ಠ ದಪ್ಪವೇ ಸಾಕಾಗುತ್ತಿತ್ತು. ಬಲ ಇದ್ದೇನು ಫಲ, ತೆಳ್ಳಗೆ ಮಾಡಲು ಜಾಗವೇ ಇಲ್ಲ. ಅದನ್ನು 316ಎಲ್‌ನಲ್ಲೇ ಬಿಟ್ಟೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ಲೇಟು, ಕೈ ಪಳಗಿದ ವೆಲ್ಡರು, ಎರಡೂ ಬೆಲೆಯ ಭಾಗವೇ.

ಫ್ಯಾಬ್ರಿಕೇಟರ್ ಗೊಣಗಿದ. ಗೊಣಗಾಟದಲ್ಲಿ ಅರ್ಧ ನ್ಯಾಯ ಇತ್ತು. ಡ್ಯೂಪ್ಲೆಕ್ಸ್ ಪ್ಲೇಟನ್ನು ರೋಲ್ ಮಾಡಿದರೆ ಸ್ಪ್ರಿಂಗಿನ ಹಾಗೆ ವಾಪಸು ಬಿಚ್ಚಿಕೊಳ್ಳುತ್ತದೆ, ಹೆಚ್ಚು ಬಗ್ಗಿಸಬೇಕು. ವೆಲ್ಡಿಂಗಿನಲ್ಲಿ ಶಾಖ ಅಳತೆ ಮೀರಬಾರದು, ಒಂದು ಪಾಸ್ ಹಾಕಿ ಲೋಹ 150 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆಯೇ ಮುಂದಿನದು. ಫೆರೈಟ್ ಮತ್ತು ಆಸ್ಟೆನೈಟ್ ಎಂಬ ಎರಡು ಒಳರಚನೆಗಳು ಸುಮಾರು ಅರ್ಧರ್ಧ ಇರುವುದೇ ಈ ಉಕ್ಕಿನ ಗುಟ್ಟು. ಅವಸರದಲ್ಲಿ ಹಾಕಿದ ವೆಲ್ಡು ಆ ಸಮತೋಲ ಕೆಡಿಸುತ್ತದೆ. ಮೊದಲ ಎರಡು ಪರೀಕ್ಷಾ ತುಂಡುಗಳು ತಿರಸ್ಕಾರವಾದವು. ಮೂರನೆಯದು ಪಾಸಾಯಿತು. ಆಮೇಲೆ ಅವನೇ ಹೇಳಿದ್ದು: ‘ಪ್ಲೇಟು ತೆಳ್ಳಗಿದೆ ಸಾರ್, ವೆಲ್ಡ್ ಪಾಸು ಕಮ್ಮಿ, ಕ್ರೇನೂ ಚಿಕ್ಕದು ಸಾಕು. ಮೊದಲೇ ಹೇಳಿದ್ರೆ ರೇಟು ಬೇರೆ ಹಾಕ್ತಿದ್ದೆ.’ ಇಳಿಸುತ್ತಿದ್ದನೋ ಏರಿಸುತ್ತಿದ್ದನೋ, ನಾನು ಕೇಳಲಿಲ್ಲ.

ಬಿಸಿನೀರಿನ ತೊಟ್ಟಿಯಲ್ಲಿ ಕಥೆ ತಿರುಗಿಬಿತ್ತು. ಅಲ್ಲಿ 316 ದುಬಾರಿಯಾಗಿದ್ದುದಷ್ಟೇ ಅಲ್ಲ, ತಪ್ಪೇ ಆಗಿತ್ತು. ಆಸ್ಟೆನೈಟ್ ಉಕ್ಕುಗಳಿಗೆ, ಅಂದರೆ 304ಕ್ಕೂ 316ಕ್ಕೂ, ಒಂದು ಗುಪ್ತರೋಗವಿದೆ. ಕ್ಲೋರೈಡು, ಎಳೆತದ ಒತ್ತಡ, ಸುಮಾರು 50-60 ಡಿಗ್ರಿ ಮೇಲಿನ ಬಿಸಿ, ಈ ಮೂರೂ ಸೇರಿದರೆ ಲೋಹ ಸವೆಯುವ ಬದಲು ಬಿರಿಯುತ್ತದೆ. ಬಿರುಕು ಕೂದಲೆಳೆಯಷ್ಟು, ಕವಲೊಡೆದು ಒಳಗೊಳಗೇ ಹಬ್ಬುತ್ತದೆ. ಹೊರಗೆ ನೋಡಿದರೆ ಫಳಫಳ. ಎಳೆತ ಹೊರಗಿನ ಭಾರದಿಂದಲೇ ಬರಬೇಕೆಂದಿಲ್ಲ, ವೆಲ್ಡ್ ಆರಿದಾಗ ಉಳಿದುಕೊಂಡ ಬಿಗಿತ ಸಾಕು. ಇನ್ಸುಲೇಷನ್ ಒಳಗೆ ಮಳೆನೀರು ಇಳಿದರೆ ಇನ್ನೂ ಕೆಟ್ಟದು. ಬಿಸಿ ಗೋಡೆಗೆ ತಗುಲಿ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಮತ್ತೆ ನೀರು, ಮತ್ತೆ ಉಪ್ಪು. ತೊಟ್ಟಿಯ ಒಳಗಿನ ನೀರು ಎಷ್ಟು ಶುದ್ಧವಾಗಿದ್ದರೂ ಹೊರಮೈಯಲ್ಲಿ ಉಪ್ಪಿನ ಗದ್ದೆ.

ಬಿಸಿ ಇಲ್ಲದೆಯೂ ಇದು ನಡೆದದ್ದುಂಟು. 1985ರಲ್ಲಿ ಸ್ವಿಟ್ಜರ್ಲೆಂಡಿನ ಉಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದಲ್ಲಿ ಕಾಂಕ್ರೀಟು ಒಳಚಾವಣಿ ಕುಸಿದು 12 ಜನ ಸತ್ತರು. ಚಾವಣಿಯನ್ನು ಹಿಡಿದಿದ್ದ ಸ್ಟೇನ್‌ಲೆಸ್ ಸ್ಟೀಲ್ ತೂಗುಕಡ್ಡಿಗಳು ಇದೇ ರೀತಿ ಬಿರಿದಿದ್ದವು. ಈಜುಕೊಳದ ಗಾಳಿಯಲ್ಲಿರುವ ಕ್ಲೋರಿನ್ ಸಂಯುಕ್ತಗಳು ಕಡ್ಡಿಗಳ ಮೇಲೆ ಕೂತು ಗಟ್ಟಿಯಾಗುತ್ತ ಹೋಗಿದ್ದವು. ಮಳೆ ತೊಳೆಯುವಂತಿಲ್ಲ, ಕೈ ಎಟುಕುವಂತಿಲ್ಲ. ‘316 ಹಾಕಿದ್ದೇವೆ, ಏನೂ ಆಗಲ್ಲ’ ಅನ್ನುವವರು ಎದುರು ಸಿಕ್ಕಾಗಲೆಲ್ಲ ನನಗೆ ಆ ಕಡ್ಡಿಗಳ ನೆನಪು.

ತೊಟ್ಟಿಗೆ ನಾನು ಬರೆದದ್ದು 444. ಫೆರಿಟಿಕ್ ಉಕ್ಕು, ಅಂದರೆ ಒಳರಚನೆಯೆಲ್ಲ ಫೆರೈಟ್, 18 ಶೇಕಡಾ ಕ್ರೋಮಿಯಂ, 2 ಶೇಕಡಾ ಮಾಲಿಬ್ಡಿನಮ್, ನಿಕ್ಕಲ್ ಇಲ್ಲವೆಂದೇ ಹೇಳಬಹುದು. ಪಿಆರ್‌ಇಎನ್ 316ರಷ್ಟೇ. ಆದರೆ ಫೆರಿಟಿಕ್ ಗುಂಪಿಗೆ ಕ್ಲೋರೈಡಿನ ಆ ಬಿರುಕುರೋಗ ಹತ್ತುವುದಿಲ್ಲವೆನ್ನುವಷ್ಟು ಕಮ್ಮಿ. ಬಿಸಿನೀರಿನ ತೊಟ್ಟಿಗಳಿಗೆ ಇದನ್ನು ಬಳಸುವುದು ಹೊಸದೂ ಅಲ್ಲ. ಜೊತೆಗೊಂದು ಉಪಕಾರ: ಬಿಸಿಗೆ ಹಿಗ್ಗುವುದು ಕಮ್ಮಿ. ಆಸ್ಟೆನೈಟ್ ಉಕ್ಕು ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 17 ಪಾಲು ಹಿಗ್ಗಿದರೆ ಫೆರಿಟಿಕ್ 10-11. ದಿನಕ್ಕೆ ನಾಲ್ಕು ಸಲ ಬಿಸಿಯಾಗಿ ಆರುವ ತೊಟ್ಟಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಎಲ್ಲರೂ 444 ಯಾಕೆ ಹಾಕುವುದಿಲ್ಲ? ದಪ್ಪವಾದಂತೆ ಅದು ವೆಲ್ಡ್ ಬಳಿ ಪೆಡಸಾಗುತ್ತದೆ. ನಮ್ಮ ತೊಟ್ಟಿಯ 2 ಮಿಲಿಮೀಟರ್ ಶೀಟಿಗೆ ಸರಿ, ಹತ್ತು ಮಿಲಿಮೀಟರ್ ಪ್ಲೇಟಿಗೆ ನಾನು ಬರೆಯುವುದಿಲ್ಲ. ಅಂಥ ಕಡೆ ಬಿಸಿಯೂ ಕ್ಲೋರೈಡೂ ಇದ್ದರೆ 2205ರತ್ತ ಹೋಗಬೇಕು. ಇನ್ನೊಂದು, ವರ್ಕ್‌ಶಾಪಿನ ರೂಢಿ. ವೆಲ್ಡಿನ ಹಿಂಬದಿಗೆ ಹಾಯಿಸುವ ಗ್ಯಾಸಿನಲ್ಲಿ ನೈಟ್ರೋಜನ್ ಬೆರೆಸುವ ಅಭ್ಯಾಸ ಕೆಲವರಿಗಿದೆ. 304ಕ್ಕೆ ನಡೆಯುತ್ತದೆ, ಫೆರಿಟಿಕ್‌ಗೆ ವಿಷ. ಡ್ರಾಯಿಂಗಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿದೆ: ಆರ್ಗಾನ್ ಮಾತ್ರ.

ಹೊರಗಿನ ಹ್ಯಾಂಡ್‌ರೈಲಿಗೆ 316ಎಲ್ ಹಾಗೆಯೇ ಉಳಿಯಿತು. ಇಡೀ ಸ್ಪೆಸಿಫಿಕೇಶನ್ನಿನಲ್ಲಿ ಆ ಸಾಲು ನಿಜವಾಗಿ ಒಪ್ಪುವ ಜಾಗ ಇದು. ಕಡಲ ಹತ್ತಿರ 304 ಹಾಕಿದರೆ ತೂತು ಬೀಳುವುದಿಲ್ಲ, ಆದರೆ ಕೆಲವೇ ತಿಂಗಳಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಮೈತುಂಬ ಹರಡುತ್ತದೆ. ಬಲಕ್ಕೆ ಧಕ್ಕೆ ಇಲ್ಲ, ಮರ್ಯಾದೆಗೆ ಇದೆ. ಮಜಾ ಏನೆಂದರೆ, ಮಳೆಗೆ ನೇರ ಒಡ್ಡಿಕೊಂಡ ಕಡೆ ಕಲೆ ಕಮ್ಮಿ, ಸೂರಿನ ಅಡಿಯಲ್ಲಿ ‘ಸುರಕ್ಷಿತ’ವಾಗಿರುವ ಕಡೆ ಜಾಸ್ತಿ. ಮಳೆ ಉಪ್ಪನ್ನು ತೊಳೆಯುತ್ತದೆ, ಸೂರು ತೊಳೆಯಗೊಡುವುದಿಲ್ಲ.

ಇಲ್ಲಿ ಗ್ರೇಡಿನಷ್ಟೇ ಮುಖ್ಯವಾದದ್ದು ಮೈಯ ನುಣುಪು. ಒರಟು ಪಾಲಿಶ್‌ನ ಗೆರೆಗಳಲ್ಲಿ ಉಪ್ಪು ಸಿಕ್ಕಿಕೊಳ್ಳುತ್ತದೆ. ಒರಟುತನ 0.5 ಮೈಕ್ರಾನ್ ಮೀರಬಾರದು ಎಂದು ಬರೆದೆ, ಕಂಬಗಳಲ್ಲಿ ಪಾಲಿಶ್ ಗೆರೆ ಮೇಲಿನಿಂದ ಕೆಳಕ್ಕೆ ಇರಬೇಕು ಎಂದೂ ಬರೆದೆ. ಕಂಬದ ಬುಡಕ್ಕೆ ಚಂದಕ್ಕೆಂದು ಮುಚ್ಚುವ ಬಟ್ಟಲು ಇರುತ್ತದಲ್ಲ, ಅದನ್ನು ತೆಗೆಸಿದೆ. ಅದರೊಳಗೆ ನೀರು ನಿಂತು, ಗಾಳಿ ಆಡದೆ, ಪೊರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಸಿಗದೆ ಅಲ್ಲೇ ಕೊರೆತ ಶುರುವಾಗುತ್ತದೆ. ವಾಸ್ತುಶಿಲ್ಪಿಗೆ ಬಟ್ಟಲು ಬೇಕಿತ್ತು. ಸ್ವಲ್ಪ ಮಾತಾಯಿತು. ಬಟ್ಟಲು ಹೋಯಿತು.

ಮಾದರಿ ತುಂಡು ಬಂದ ದಿನ ಇನ್ನೂ ನೆನಪಿದೆ. ಮೊಣಕೈ ಉದ್ದದ ಪೈಪು, ಕನ್ನಡಿಯಂತೆ ಪಾಲಿಶ್, ಮೇಲೆ ‘316’ ಎಂದು ಚೀಟಿ. ತಂದವನು ಜೇಬಿನಿಂದ ಅಯಸ್ಕಾಂತ ತೆಗೆದು ಪೈಪಿಗೆ ಮುಟ್ಟಿಸಿ, ಅದು ಜಾರಿ ಬಿದ್ದಾಗ ನನ್ನ ಮುಖ ನೋಡಿದ. ‘ನೋಡಿ ಸಾರ್, ಹಿಡಿಯಲ್ಲ. ಅಸಲಿ ಮಾಲು.’ ನಾನು ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಹಾಯಿಸಿ ಲೋಹದಲ್ಲಿ ಏನೇನಿದೆ ಎಂದು ಓದುವ ಉಪಕರಣ) ಒತ್ತಿ ಹಿಡಿದೆ. ಹತ್ತು ಸೆಕೆಂಡು. ಪರದೆಯಲ್ಲಿ ಸಾಲುಸಾಲಾಗಿ ಬಂದವು: ಕ್ರೋಮಿಯಂ 16 ಚಿಲ್ಲರೆ, ನಿಕ್ಕಲ್ 4ರ ಹತ್ತಿರ, ಮಾಲಿಬ್ಡಿನಮ್ ಇಲ್ಲ, ಮ್ಯಾಂಗನೀಸ್ 6. ಕೊನೆಯ ಅಂಕಿಯೇ ಜಾತಕ. 304ರಲ್ಲೂ 316ರಲ್ಲೂ ಮ್ಯಾಂಗನೀಸ್ 2 ದಾಟುವಂತಿಲ್ಲ. ಇದು 201, ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಮತ್ತು ನೈಟ್ರೋಜನ್ ತುಂಬಿದ ಉಕ್ಕು. ಅದಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಅತ್ತ, ಅಪ್ಪಟ 304ನ್ನು ತಣ್ಣಗೆ ಬಗ್ಗಿಸಿದರೆ ಬಾಗಿದ ಜಾಗದಲ್ಲಿ ಅಯಸ್ಕಾಂತ ಹಿಡಿಯುತ್ತದೆ, 444ಕ್ಕಂತೂ ಗಬಕ್ಕನೆ ಅಂಟುತ್ತದೆ. ಅಯಸ್ಕಾಂತ ನಂಬಿ ಗ್ರೇಡು ಹೇಳುವವರು ಒಳ್ಳೆಯದನ್ನು ಓಡಿಸಿ ಕೆಟ್ಟದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ.

ಅವನು ಸುಳ್ಳು ಹೇಳಿದ ಎಂದು ನನಗೆ ಅನಿಸಲಿಲ್ಲ. ಅವನಿಗೂ ಯಾರೋ ಹಾಗೆಯೇ ಅಯಸ್ಕಾಂತ ತೋರಿಸಿ ಕೊಟ್ಟಿರಬೇಕು. 201 ಕೆಟ್ಟ ಉಕ್ಕು ಎಂದೂ ನಾನು ಹೇಳುವುದಿಲ್ಲ. ಒಣ ಒಳಾಂಗಣದಲ್ಲಿ ಅದಕ್ಕೆ ಕೆಲಸವಿದೆ. ಆದರೂ ಸೈಟಿನೊಳಗೆ ಅದನ್ನು ಬಿಡಲಿಲ್ಲ. ಒಮ್ಮೆ ಯಾರ್ಡಿನಲ್ಲಿ ಬೆರೆತರೆ, ಪಾಲಿಶ್ ಆದ ಮೇಲೆ, ಯಾರ ಕಣ್ಣೂ ಬೇರ್ಪಡಿಸಲಾರದು. ಅಂದಿನಿಂದ ಪ್ರತಿ ಬಂಡಲಿಗೂ ಗನ್, ಪ್ರತಿ ಲಾಟಿಗೂ ಮಿಲ್ಲಿನ 3.1 ಪ್ರಮಾಣಪತ್ರ (ಆ ಲಾಟಿನ ಪರೀಕ್ಷಾ ಫಲಿತಾಂಶದ ಪತ್ರ), ಅದರಲ್ಲಿನ ಹೀಟ್ ನಂಬರ್, ಅಂದರೆ ಉಕ್ಕು ಕರಗಿಸಿದ ಪಾಕದ ಸಂಖ್ಯೆ, ಪೈಪಿನ ಮೇಲಿನದಕ್ಕೆ ತಾಳೆ. ಗನ್ನಿಗೂ ಒಂದು ಕುರುಡು ಇದೆ. ಅದಕ್ಕೆ ಕಾರ್ಬನ್ ಕಾಣುವುದಿಲ್ಲ. 316ಆ 316ಎಲ್‌ಆ ಎಂಬುದು ಅದಕ್ಕೆ ತಿಳಿಯದು, ಅಲ್ಲಿ ಪ್ರಮಾಣಪತ್ರವೇ ಗತಿ. ವೆಲ್ಡ್ ಹಾಕುವ ಕೆಲಸಕ್ಕೆ ಆ ‘ಎಲ್’ ಬೇಕೇಬೇಕು. ಕಾರ್ಬನ್ 0.03 ಶೇಕಡಾ ಒಳಗಿದ್ದರೆ ವೆಲ್ಡಿನ ಪಕ್ಕದ ಲೋಹದಲ್ಲಿ ಕ್ರೋಮಿಯಂ ಕಾರ್ಬೈಡ್ ಕೂಡಿಕೊಂಡು ಕಣಗಳ ಅಂಚು ಕ್ರೋಮಿಯಂ ಇಲ್ಲದೆ ಬಡವಾಗುವುದು ತಪ್ಪುತ್ತದೆ.

ಬೋಲ್ಟಿನ ಮಾತು ಚಿಕ್ಕದು. ಸ್ಪೆಸಿಫಿಕೇಶನ್ನಿನ ಸಾಲು ಏನೇ ಹೇಳಲಿ, ಡ್ರಾಯಿಂಗಿನಲ್ಲಿ ಮಾತ್ರ ‘ಬೋಲ್ಟು: ಗ್ಯಾಲ್ವನೈಜ್ಡ್’ ಎಂದಿತ್ತು. ಇಷ್ಟು ದೊಡ್ಡ ಸ್ಟೇನ್‌ಲೆಸ್ ಹಾಸಿನ ನಡುವೆ ಪುಟ್ಟ ಸತುಲೇಪದ ಬೋಲ್ಟು ಕೂತು ಉಪ್ಪುನೀರಿನಲ್ಲಿ ನೆನೆದರೆ ಬ್ಯಾಟರಿ ತಯಾರು, ಸವೆಯುವುದೆಲ್ಲ ಬೋಲ್ಟಿನ ಪಾಲಿಗೆ. ದೊಡ್ಡವರ ಜಗಳದಲ್ಲಿ ಕೂಸು ಬಡವಾಗುವ ಹಾಗೆ. ಹೊರಗೆಲ್ಲ ಎ4-80 ಎಂದು ತಿದ್ದಿದೆ. ಅದು 316ಕ್ಕೆ ಸಮನಾದ ಬೋಲ್ಟು, ತಲೆಯ ಮೇಲೆ ಅಚ್ಚೊತ್ತಿರುತ್ತದೆ. ಒಳಗಿನ ಒಣ ಭಾಗಕ್ಕೆ 304ಕ್ಕೆ ಸಮನಾದ ಎ2-70. ಒಟ್ಟು ಉಕ್ಕಿನ ತೂಕದಲ್ಲಿ ಬೋಲ್ಟಿನ ಪಾಲು ಎಷ್ಟು ಕಡಿಮೆ ಎಂದರೆ ಇಲ್ಲಿ ಉಳಿತಾಯ ಮಾಡಲು ಕೂರುವುದೇ ನಷ್ಟ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಬಿಗಿಯುವಾಗ ಥ್ರೆಡ್ಡಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಜಾಮ್ ಆಗುತ್ತವೆ. ಎಳೆಗೆ ಪೇಸ್ಟು ಹಚ್ಚಿ ನಿಧಾನವಾಗಿ ಬಿಗಿಯಿರಿ ಎಂದರೆ, ಪವರ್ ರೆಂಚ್ ಹಿಡಿದ ಹುಡುಗರು ಮೊದಲ ದಿನವೇ ಹದಿನೈದು ಬೋಲ್ಟು ಕತ್ತರಿಸಿ ತೆಗೆಯಬೇಕಾಯಿತು. ಎರಡನೇ ದಿನದಿಂದ ಪೇಸ್ಟಿನ ಡಬ್ಬಿ ಎಲ್ಲರ ಸೊಂಟದಲ್ಲೂ ಇತ್ತು.

ಇಡೀ ಯೋಜನೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಗ್ರೇಡು ಅಲ್ಲ, ಗ್ರೈಂಡಿಂಗ್ ಚಕ್ರ. ಪ್ಲಾಟ್‌ಫಾರ್ಮಿನ ಮೊದಲ ಭಾಗ ನಿಂತ ಹತ್ತನೇ ದಿನಕ್ಕೆ 316ಎಲ್ ಮೇಲೆ ತುಕ್ಕಿನ ಚುಕ್ಕೆಗಳು. ಫೋನಿನ ಮೇಲೆ ಫೋನು. ‘ನೀವು ಹೇಳಿದ ಗ್ರೇಡೇ ತುಕ್ಕು ಹಿಡೀತಿದೆ.’ ಹೋಗಿ ನೋಡಿದೆ. ಚುಕ್ಕೆಗಳೆಲ್ಲ ಒಂದೇ ಕಡೆಗೆ, ಬೀಸಿ ಎರಚಿದ ಹಾಗೆ. ಎಂಟು ಮೀಟರ್ ಆಚೆ ಸಾದಾ ಉಕ್ಕಿನ ತೊಲೆಗಳನ್ನು ಉಜ್ಜುತ್ತಿದ್ದರು. ಕಿಡಿಗಳು ಹಾರಿ ಬಂದು ಸ್ಟೇನ್‌ಲೆಸ್ ಮೇಲೆ ಕೂತು ತುಕ್ಕು ಹಿಡಿದಿದ್ದವು. ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಅದ್ದಿದ ಹತ್ತಿ ಒರೆಸಿದೆ. ಬಿಡಿ ಕಬ್ಬಿಣ ಇದ್ದಲ್ಲೆಲ್ಲ ತಾಮ್ರ ಕೆಂಪಗೆ ಕಚ್ಚಿಕೊಂಡಿತು, ಉಳಿದ ಮೈ ಹಾಗೆಯೇ ಬೆಳ್ಳಗೆ. ಸುತ್ತ ನಿಂತವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ವೆಲ್ಡಿನ ಪಕ್ಕದ ಬಣ್ಣವೂ ಅಂಥದ್ದೇ ಮಾತು. ವೆಲ್ಡ್ ಆದ ಮೇಲೆ ಹುಲ್ಲಿನ ಹಳದಿಯಿಂದ ನವಿಲಿನ ನೀಲಿಯವರೆಗೆ ಒಂದು ಪಟ್ಟಿ ಮೂಡುತ್ತದೆ. ನೋಡಲು ಚಂದ. ಅದರ ಅಡಿಯ ಲೋಹದಲ್ಲಿ ಕ್ರೋಮಿಯಂ ಬತ್ತಿರುತ್ತದೆ, ಅಂದರೆ 316ಕ್ಕೆ ಕೊಟ್ಟ ದುಡ್ಡು ಆ ಎರಡು ಬೆರಳಗಲದಲ್ಲಿ ನೀರಿಗೆ ಹಾಕಿದಂತೆ. ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದ ಪಿಕ್ಲಿಂಗ್ ಪೇಸ್ಟು ಹಚ್ಚಿ ಆ ಪದರ ತೆಗೆದು ಚೆನ್ನಾಗಿ ತೊಳೆಯಬೇಕು. ಪೇಸ್ಟು ಅಪಾಯಕಾರಿ, ಕೈಗವಸು ಮುಖಕವಚ ಇಲ್ಲದೆ ಮುಟ್ಟುವ ಹಾಗಿಲ್ಲ, ತೊಳೆದ ನೀರನ್ನು ಚರಂಡಿಗೆ ಬಿಡುವ ಹಾಗೂ ಇಲ್ಲ. ಹೀಗಾಗಿ ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕೆಲಸ ಇದು, ಬಿಲ್ಲಿನಲ್ಲಿ ಇದಕ್ಕೆ ಸಾಲೇ ಇರಲಿಲ್ಲ. ಗ್ರೇಡು ಇಳಿಸಿ ಉಳಿಸಿದ್ದರಲ್ಲಿ ಒಂದು ಪಾಲನ್ನು ತೆಗೆದು ‘ವೆಲ್ಡ್ ಪಿಕ್ಲಿಂಗ್ ಮತ್ತು ಶುಚಿ’ ಎಂದು ಹೊಸ ಸಾಲು ಬರೆಸಿದೆ. ಸ್ಟೇನ್‌ಲೆಸ್‌ಗೆ ಬೇರೆ ಚಕ್ರ, ಬೇರೆ ಬ್ರಷ್, ಬೇರೆ ಶೆಡ್ಡು. ಲೆಕ್ಕಪತ್ರದವರು ಆ ಸಾಲಿನ ಎದುರು ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನಾನು ಅವರನ್ನು ಸೈಟಿಗೆ ಕರೆದುಕೊಂಡು ಹೋಗಿ, ಪಿಕ್ಲಿಂಗ್ ಆದ ಒಂದು ವೆಲ್ಡು, ಆಗದ ಒಂದು ವೆಲ್ಡು, ಎರಡಕ್ಕೂ ಉಪ್ಪುನೀರಿನ ಬಟ್ಟೆ ಸುತ್ತಿಟ್ಟು ವಾರದ ಮೇಲೆ ಬಿಚ್ಚಿ ತೋರಿಸಿದೆ. ಚಿಹ್ನೆ ಅಳಿಸಿದರು.

ಉಳಿದದ್ದು ಒಳಗೋಡೆ. ಒಣ ಕೋಣೆಗಳು, ಹವಾನಿಯಂತ್ರಣ, 900 ಚದರ ಮೀಟರ್, 0.8 ಮಿಲಿಮೀಟರ್ ಶೀಟು. 316 ಹಾಕಿದ್ದರೆ ಆರು ಟನ್ನಿನ ಹತ್ತಿರ ಉಕ್ಕು, ಅದರಲ್ಲಿ ಅರ್ಧ ಟನ್ನಿಗೂ ಮೀರಿ ನಿಕ್ಕಲ್, ಒಣ ಗಾಳಿಯನ್ನು ಎದುರಿಸಲಿಕ್ಕೆ! ಮೂಗಿಗಿಂತ ಮೂಗುತಿ ಭಾರ. 430 ಬರೆದೆ. ನಿಕ್ಕಲ್ ಸೊನ್ನೆ. 430ಕ್ಕೆ ವೆಲ್ಡ್ ಹಾಕಿದರೆ ಕಣಗಳು ದಪ್ಪವಾಗಿ ಪೆಡಸಾಗುತ್ತದೆ, ಹಾಗಾಗಿ ವೆಲ್ಡೇ ಬೇಡವೆಂದು ಅಂಚು ಮಡಚಿ ಕೂಡಿಸುವ ವಿನ್ಯಾಸ. ಡಕ್ಟಿಗೂ ಅದೇ. ಯಾರೂ ತಕರಾರು ಮಾಡಲಿಲ್ಲ, ನಾನೂ ಎರಡನೇ ಸಲ ಯೋಚಿಸಲಿಲ್ಲ.

ಅಲ್ಲೇ ನಾನು ಎಡವಿದ್ದು. ಘಟಕ ಶುರುವಾಗಿ ಹದಿನಾಲ್ಕು ತಿಂಗಳ ಮೇಲೆ ನೋಡಲು ಹೋದೆ. ಟ್ಯಾಂಕು ಚೆನ್ನಾಗಿತ್ತು. ಒಂದು ತೊಟ್ಟಿಯ ಇನ್ಸುಲೇಷನ್ ಬಿಚ್ಚಿಸಿ, ಡೈ ಹಚ್ಚಿ ಬಿರುಕು ಹುಡುಕಿದೆವು, ಸಿಗಲಿಲ್ಲ. ಹ್ಯಾಂಡ್‌ರೈಲಿನಲ್ಲಿ ಸೂರಿನಡಿಯ ನಾಲ್ಕು ಮೀಟರಿನಲ್ಲಿ ಮಾತ್ರ ತಿಳಿ ಕಂದು, ಒದ್ದೆ ಬಟ್ಟೆಗೆ ಬಂತು. ಆಮೇಲೆ ಒಳಗೆ ಹೋದರೆ, ಮೂರನೇ ಕೋಣೆಯ ಮೂಲೆಯಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ ನಾಲ್ಕು ಪ್ಯಾನೆಲ್‌ಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ತುಕ್ಕಿನ ಕಾಳು. ಬೆರಳಾಡಿಸಿದರೆ ಉಬ್ಬು ತಟ್ಟುತ್ತಿತ್ತು. ಪಕ್ಕದ ಗೋಡೆ ಹೊಸದರಂತೆ ಹೊಳೆಯುತ್ತಿತ್ತು. ಅದೇ ಶೀಟು, ಅದೇ ಲಾಟು. ಗನ್ ಒತ್ತಿದೆ. 430ಯೇ.

ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ನನ್ನನ್ನು ನೋಡುತ್ತ ನಿಂತಿದ್ದರು. ‘ಇಲ್ಲಿ ಏನಾದ್ರೂ ಇಡ್ತೀರಾಮ್ಮ?’ ಎಂದೆ. ‘ಬಕೆಟ್ಟು ಸಾರ್. ರಾತ್ರಿ ಬ್ಲೀಚು ಕಲಸಿದ ನೀರು ಇಲ್ಲೇ ಇಟ್ಟು ಹೋಗ್ತೀವಿ. ಬೆಳಿಗ್ಗೆ ಮಾಪ್ ಹಿಂಡೋದೂ ಇಲ್ಲೇ.’ ಡ್ರಾಯಿಂಗಿನಲ್ಲಿ ಆ ಕೋಣೆ ಒಣ ಕೋಣೆ. ವಿನ್ಯಾಸದವರನ್ನೂ ಗುತ್ತಿಗೆದಾರರನ್ನೂ ಹತ್ತಾರು ಪ್ರಶ್ನೆ ಕೇಳಿದ ನಾನು ನೆಲ ಯಾರು ಒರೆಸುತ್ತಾರೆ, ಯಾವುದರಿಂದ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಆ ಗೋಡೆಗೆ 316 ಹಾಕಿಸೋಣ ಎಂದು ಸೈಟಿನವರು ಅಂದರು. ಬೇಡವೆಂದೆ. ಗಾಢ ಬ್ಲೀಚು ಒಣಗುತ್ತ ಕೂತರೆ 316ಗೂ ಅದೇ ಗತಿ, ಸ್ವಲ್ಪ ತಡವಾಗಿ. ಎರಡು ಪ್ಯಾನೆಲ್ ಉಜ್ಜಿ ಶುಚಿ ಮಾಡಿದೆವು, ತೂತು ಆಳಕ್ಕೆ ಇಳಿದಿದ್ದ ಎರಡನ್ನು ಅದೇ 430ರಲ್ಲಿ ಬದಲಿಸಿದೆವು. ಹೊರಗಿನ ತೊಳೆಯುವ ಕಟ್ಟೆಯ ಪಕ್ಕ, ಟೈಲ್ಸ್ ಹಾಕಿದ ಗೂಡಿನಲ್ಲಿ, ಬಕೆಟ್ಟಿಗೆ ಜಾಗ ಮಾಡಿಕೊಟ್ಟರು. ಅಲ್ಲಿಗೆ ನೀರಿನ ನಲ್ಲಿಯೂ ಹತ್ತಿರ ಎಂದು ಆ ಹೆಂಗಸು ಖುಷಿಯಾದರು.